ಸವೆದು ಬಂದ ಬುಷ್

ಬ್ರೆಡ್ ಕಾರ್ಖಾನೆಯ ಮ್ಯಾನೇಜರು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಕೌಂಟರಿನ ಮೇಲೆ ಬಿಚ್ಚಿದ. ಒಳಗಿದ್ದದ್ದು ಒಂದು ಬುಷ್, ಗೇಣಿಗಿಂತ ಚಿಕ್ಕದಾದ ಲೋಹದ ಕೊಳವೆ. ದುಂಡಗಿರಬೇಕಾದ ಅದರ ಒಳಬಾಯಿ ಒಂದು ಕಡೆ ತಿಂದುಹೋಗಿ ಮೊಟ್ಟೆಯಾಕಾರಕ್ಕೆ ಬಂದಿತ್ತು.

"ಮತ್ತೆ ಹೋಯ್ತು ನೋಡಿ. ಹಿಂದಿನದಕ್ಕಿಂತ ಬೇಗ."

ಕೌಂಟರಿನ ಹಿಂದಿದ್ದ ಅಕ್ಕ ಅದನ್ನು ಎತ್ತಿ ಒಳಗೆ ಬೆರಳಾಡಿಸಿದಳು. ಅಂಟಂಟಾದ ಏನೋ ಕಪ್ಪು ಬೆರಳಿಗೆ ಹತ್ತಿತು. ಸೆರಗಿಗೆ ಒರೆಸಿಕೊಂಡಳು.

ಮ್ಯಾನೇಜರು ದನಿ ತಗ್ಗಿಸಿದ. "ತಪ್ಪು ತಿಳಿಬೇಡಿ ಅಕ್ಕ. ನೀವು ಗನ್‌ಮೆಟಲ್ ಅಂತ ಕೊಟ್ರಿ. ಹಿತ್ತಾಳೆ ಇರಬಹುದಾ ಅಂತ ನಮ್ಮ ಫಿಟ್ಟರಿಗೆ ಅನುಮಾನ. ನೀವು ಅಂಥೋರಲ್ಲ ಬಿಡಿ. ಆದ್ರೆ ಒಳಗೆ ನಿಂತು ಕಡಿಯೋರು ಬೇರೆ ಅಲ್ವಾ?" ಎಂದು ಹಿಂದಿನ ಕೋಣೆಯ ಕಡೆ ಕಣ್ಣು ಹಾಯಿಸಿದ. ಅಲ್ಲಿ ಲೋಹ ಕಡಿಯುವ ಲೇತು ತಿರುಗುತ್ತಿತ್ತು.

ಈ ಮ್ಯಾನೇಜರಿಗೆ ಬೀದಿಯವರು ಇಟ್ಟ ಹೆಸರು ಸೀದ ಬ್ರೆಡ್ಡು. ಯಾವಾಗ ನೋಡಿದರೂ ಮುಖ ಕರಕಲು. ಬೇರೆ ದಿನವಾಗಿದ್ದರೆ ಅಕ್ಕ ಅವನ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದಳು. ಅವತ್ತು ಆ ಮಾತು ಒಳಗೇ ಉಳಿಯಿತು.

ಅವಳನ್ನು ಎಲ್ಲರೂ ಬುಷ್ ಅಕ್ಕ ಎಂದೇ ಕರೆಯುತ್ತಿದ್ದರು. ಗಂಡ ಸೇತುವೆ ಕಟ್ಟುವ ಕೆಲಸಕ್ಕೆ ದೂರ ಹೋದ ಮೇಲೆ ಅಂಗಡಿಯ ಮುಂಭಾಗ ಅವಳದು, ಹಿಂದಿನ ಲೇತು ಮೈದುನನದು. ಯಂತ್ರದಲ್ಲಿ ತಿರುಗುವ ಶಾಫ್ಟೆಂಬ ದಂಡಕ್ಕೂ ಅದನ್ನು ಹಿಡಿದ ಚೌಕಟ್ಟಿಗೂ ನಡುವೆ ಕೂರುವುದು ಬುಷ್. ಉಜ್ಜಾಟವನ್ನೆಲ್ಲ ತನ್ನ ಮೈಮೇಲೆ ಹಾಕಿಕೊಂಡು ಶಾಫ್ಟನ್ನು ಉಳಿಸುವುದು ಅದರ ಕೆಲಸ. "ಮನೆಗೆ ಸೊಸೆ ಇದ್ದ ಹಾಗೆ" ಎಂದು ಅಕ್ಕ ಒಮ್ಮೆ ಗಿರಾಕಿಯೊಬ್ಬನಿಗೆ ವಿವರಿಸುತ್ತಿದ್ದಾಗ, ಬಾಗಿಲಲ್ಲಿ ಕೂತಿದ್ದ ಅತ್ತೆ, "ಸೊಸೆ ಅಲ್ಲ, ಅತ್ತೆ" ಎಂದು ತಿದ್ದಿದ್ದರು.

ಯಾವ ಯಂತ್ರಕ್ಕೆ ಯಾವ ಬುಷ್ ಎಂಬುದನ್ನು ಗಂಡ ಹೊರಡುವ ಮೊದಲು ಬಾಯಿಪಾಠ ಮಾಡಿಸಿದ್ದ. ಫ್ಯಾನು ಬರ್ರನೆ ತಿರುಗುತ್ತದೆ, ಭಾರವಿಲ್ಲ, ಅದಕ್ಕೆ ಲೋಹದ ಪುಡಿ ಒತ್ತಿ ಮಾಡಿದ, ಎಣ್ಣೆ ಕುಡಿದು ಕೂತ ಬುಷ್ ಸಾಕು. ಕಲ್ಲು ಒಡೆಯುವ ಯಂತ್ರ ನಿಧಾನ, ಆದರೆ ಗುದ್ದು ಜಾಸ್ತಿ, ಅಲ್ಲಿಗೆ ಗಟ್ಟಿ ಕಂಚು. ಒಲೆಯ ಬಾಯಲ್ಲಿ ಎಣ್ಣೆ ಸುಟ್ಟುಹೋಗುತ್ತದೆ, ಅಲ್ಲಿಗೆ ಪೆನ್ಸಿಲಿನ ಸೀಸದಂಥ ಗ್ರಾಫೈಟ್ ತುಂಬಿದ್ದು. ಬ್ರೆಡ್ ಕಾರ್ಖಾನೆಯ ಹಿಟ್ಟು ಕಲಸುವ ಯಂತ್ರಕ್ಕೆ ಭಾರವಿದೆ, ವೇಗವಿಲ್ಲ. ಹಾಗಾಗಿ ಗನ್‌ಮೆಟಲ್ ಎಂದು ಅವಳೇ ಆರಿಸಿದ್ದಳು. ಅದೂ ಕಂಚಿನ ಜಾತಿಯದೇ, ವರ್ಷಗಟ್ಟಲೆ ಬಾಳುವಂಥದ್ದು. ತಾನು ಆರಿಸಿದ್ದೇ ತಪ್ಪಿರಬಹುದು ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ. ಯಾರೋ ಲೋಹ ಬದಲಾಯಿಸಿದ್ದಾರೆ ಎಂಬುದು ಮಾತ್ರ ಹೊಳೆಯಿತು.

ಒಮ್ಮೆ ತಲೆಗೆ ಹುಳ ಬಿಟ್ಟುಕೊಂಡ ಮೇಲೆ ಕಂಡದ್ದೆಲ್ಲ ಸಾಕ್ಷಿಯೇ. ಮೈದುನ ಇತ್ತೀಚೆಗೆ ತನ್ನ ಸಾಮಾನಿನ ಕಪಾಟಿಗೆ ಬೀಗ ಹಾಕುತ್ತಿದ್ದ. ಮೊದಲು ಅದಕ್ಕೆ ಚಿಲಕವೂ ಇರಲಿಲ್ಲ. ಅವಳು ಒಳಗೆ ಬಂದರೆ ಫೋನಿನಲ್ಲಿ "ಆಮೇಲೆ ಮಾತಾಡ್ತೀನಿ" ಎಂದು ಇಡುತ್ತಿದ್ದ. ಮಧ್ಯಾಹ್ನ ಊಟ ಮುಗಿದ ಕೂಡಲೇ ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದ. ಚೀಲದ ತಳ ಜೋತುಬೀಳುತ್ತಿದ್ದ ರೀತಿಯಲ್ಲೇ ಗೊತ್ತಾಗುತ್ತಿತ್ತು, ಒಳಗಿರುವುದು ಲೋಹ.

"ಎಲ್ಲಿಗೆ ಹೋಗ್ತಾನೆ ಅತ್ತೆ ಇವನು?"

"ನನ್ನ ಹತ್ರ ಹೇಳಿ ಹೋಗೋ ವಯಸ್ಸು ಅವನದಲ್ಲ," ಎಂದರು ಅತ್ತೆ. ಕಣ್ಣು ಕಿರಿದು ಮಾಡಿ ಸೊಸೆಯನ್ನೇ ನೋಡಿ, "ಅವನೂ ನಿನ್ನ ಬಗ್ಗೆ ಇದನ್ನೇ ಕೇಳ್ತಾನೆ. ಅತ್ತಿಗೆ ಎಲ್ಲಿಗೆ ಹೋಗ್ತಾರೆ ಅಂತ" ಎಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಇದು, ತನ್ನ ಮೇಲೆ ಕಣ್ಣಿಟ್ಟಿದ್ದಾನೆ ಅಂದರೆ ಅವನದು ಏನೋ ಇದೆ ಎಂದು ಅಕ್ಕ ಅಂದುಕೊಂಡಳು.

ಮರುದಿನ ಬೆಳಿಗ್ಗೆ ಸವೆದ ಬುಷ್ ಹಿಡಿದು ಗುಜರಿ ಅಂಗಡಿಗೆ ಹೋದಳು. ಹಳೆ ಲೋಹ ಕೊಂಡು ಮಾರಿ ಕೂದಲು ಬೆಳ್ಳಗಾದ ಮುದುಕ ಅವನು. ಅಂಚಿಗೆ ಎರಡು ಸಲ ಅರ ಉಜ್ಜಿ, ಹೊಳಪು ನೋಡಿ, "ಗನ್‌ಮೆಟಲ್ಲೇ ಕಣಮ್ಮ. ಹಿತ್ತಾಳೆ ಆಗಿದ್ರೆ ಹಳದಿ ಹೊಡೀತಿತ್ತು. ಇದು ಕೆಂಪಗಿದೆ ನೋಡು" ಎಂದ.

"ಸರಿಯಾಗಿ ನೋಡಿ."

"ಇನ್ನು ಇದನ್ನ ನೆಕ್ಕಿ ಹೇಳಬೇಕಷ್ಟೆ!" ಎಂದು ಮುದುಕ ನಕ್ಕ. ಆ ನಗು ಅವಳಿಗೆ ಹಿಡಿಸಲಿಲ್ಲ. ಬೇಕಾದದ್ದಕ್ಕಿಂತ ಜಾಸ್ತಿ ನಕ್ಕ ಅನ್ನಿಸಿತು. ದಾರಿಯುದ್ದಕ್ಕೂ ಯೋಚಿಸಿದಳು. ಒಳ್ಳೆ ಲೋಹ ಕದ್ದು ಮಾರುವವನಿಗೆ ಕೊಳ್ಳುವವನೂ ಒಬ್ಬ ಬೇಕಲ್ಲ? ಅಂಗಡಿ ತಲುಪುವಷ್ಟರಲ್ಲಿ ಮುದುಕನೂ ಕಳ್ಳರ ಪಟ್ಟಿಗೆ ಸೇರಿದ್ದ.

ಅವತ್ತು ಮಧ್ಯಾಹ್ನ ಮೈದುನ ಚೀಲ ಹೆಗಲೇರಿಸಿ ಹೊರಟಾಗ, ಅಕ್ಕ ಅತ್ತೆಯನ್ನು ಕೌಂಟರಿಗೆ ಕೂರಿಸಿ ಹಿಂದೆಯೇ ಹೊರಟಳು. ಅವನು ಬಸ್ ನಿಲ್ದಾಣ ದಾಟಿದ, ಟೈರಿನ ಅಂಗಡಿಗಳ ಸಾಲು ದಾಟಿದ. ಒಮ್ಮೆ ತಿರುಗಿ ನೋಡಿದಾಗ ಅವಳು ರಸ್ತೆ ಬದಿ ನಿಲ್ಲಿಸಿದ್ದ ಲಾರಿಯ ಮರೆಗೆ ಸರಿದಳು. ಲಾರಿಯ ಡ್ರೈವರು ಕಿಟಕಿಯಿಂದ ಬಗ್ಗಿ, "ಏನಮ್ಮ, ಯಾರನ್ನ ಹುಡುಕ್ತಿದ್ದೀರಿ?" ಎಂದ. ತುಟಿಗೆ ಬೆರಳಿಟ್ಟು ಸುಮ್ಮನಿರಿಸಿದಳು.

ಮೈದುನ ಹೋಗಿ ನಿಂತದ್ದು ಬ್ರೆಡ್ ಕಾರ್ಖಾನೆಯ ಹಿಂಬಾಗಿಲಿಗೆ. ಕಾವಲುಗಾರ ಅವನನ್ನು ನೋಡಿ ತಲೆಯಾಡಿಸಿ ಒಳಗೆ ಬಿಟ್ಟ. ದಿನಾ ಬರುವವರಿಗೆ ಆಡಿಸುವ ತಲೆ ಅದು.

ಅವಳಿಗೆ ಎಲ್ಲ ಸ್ಪಷ್ಟವಾಯಿತು. ಸೀದ ಬ್ರೆಡ್ಡು ಇವನ ಕೈಲಿ ಬುಷ್ ಕೆಡಿಸುತ್ತಿದ್ದಾನೆ. ಅಂಗಡಿಯ ಹೆಸರು ಕೆಡಿಸಿ, ಆಮೇಲೆ ಇವನಿಗೆ ಬೇರೆ ಅಂಗಡಿ ಹಾಕಿಕೊಡುತ್ತಾನೆ. "ಅವನ ಅತ್ತಿಗೆ ನಾನು, ತುರ್ತು" ಎಂದು ಕಾವಲುಗಾರನನ್ನು ದಾಟಿ ಒಳಗೆ ನುಗ್ಗಿದಳು.

ಮೈದುನ ಹಿಟ್ಟು ಕಲಸುವ ಯಂತ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ನೆಲದ ಮೇಲೆ ಚೀಲ ಬಿಚ್ಚಿತ್ತು. ಅದರಲ್ಲಿ ಕಾರ್ಖಾನೆಯಿಂದ ಹಿಂದೆ ವಾಪಸು ಬಂದಿದ್ದ ಸವೆದ ಬುಷ್‌ಗಳು, ಜೊತೆಗೆ ಅಂಗಡಿಯ ಗನ್‌ಮೆಟಲ್ ಸರಳಿನ ತುಂಡುಗಳು.

"ಸಿಕ್ಕಿಬಿದ್ಯಾ?" ಎಂದಳು.

ಅವನು ಎದ್ದು ನಿಂತ. ಮುಖದಲ್ಲಿ ಹೆದರಿಕೆಗಿಂತ ಸಿಟ್ಟು ಹೆಚ್ಚಿತ್ತು. "ಯಾರು ಸಿಕ್ಕಿಬಿದ್ದದ್ದು ಅತ್ತಿಗೆ? ನಾನಾ, ನೀವಾ?"

"ಏನಂದೆ?"

"ಮೊದಲು ಸರಳು ಕೊಡ್ತಿದ್ದವರನ್ನ ಬಿಟ್ಟು ಬೇರೆ ಕಡೆಯಿಂದ ತರಿಸ್ತಿದ್ದೀರಿ. ನನಗೆ ಒಂದು ಮಾತು ಹೇಳಿದ್ರಾ? ಅದು ಬಂದ ಮೇಲೆ ತಾನೆ ಈ ಬುಷ್ ಹೀಗಾಗ್ತಿರೋದು? ನೀವು ಕಳಪೆ ಮಾಲು ತಂದು ತಪ್ಪು ನನ್ನ ತಲೆಗೆ ಕಟ್ತೀರಿ ಅಂತ ಇವನ್ನೆಲ್ಲ ಕಪಾಟಲ್ಲಿ ಬೀಗ ಹಾಕಿ ಇಟ್ಟಿದ್ದೆ. ಅಣ್ಣ ಬಂದ ದಿನ ತೋರಿಸೋಣ ಅಂತ. ಇಲ್ಲಿನ ಫಿಟ್ಟರ್ ಹತ್ರ ಫೋನಲ್ಲಿ ಕೇಳ್ಕೊಂಡು, ಯಾಕೆ ಸವೀತಿದೆ ಅಂತ ದಿನಾ ಬಂದು ನೋಡ್ತಿದ್ದದ್ದೂ ಅದಕ್ಕೇ."

ಹಳೆಯ ವ್ಯಾಪಾರಿ ಅಂಗಡಿ ಮುಚ್ಚಿದ್ದ, ಅಕ್ಕ ಬೇರೆಯವನನ್ನು ಹುಡುಕಿಕೊಂಡಿದ್ದಳು. ಅದನ್ನು ಮೈದುನನಿಗೆ ಹೇಳಬೇಕು ಅಂತಲೇ ಅನ್ನಿಸಿರಲಿಲ್ಲ.

"ಗುಜರಿಯವನಿಗೆ ತೋರಿಸಿದ್ಯಾ?" ಎಂದು ಮೆಲ್ಲಗೆ ಕೇಳಿದಳು.

"ತೋರಿಸ್ದೆ. ಗನ್‌ಮೆಟಲ್ಲೇ ಅಂದ. ನೀವು ಅವನಿಗೆ ಹೇಳಿಕೊಟ್ಟಿರಬಹುದು ಅಂದ್ಕೊಂಡೆ."

ಮುದುಕ ಅಷ್ಟು ನಕ್ಕದ್ದು ಯಾಕೆ ಎಂದು ಅವಳಿಗೆ ಆಗ ಗೊತ್ತಾಯಿತು. ಒಂದೇ ಮನೆಯ ಇಬ್ಬರು, ಒಂದೇ ಬುಷ್, ಒಂದೇ ಪ್ರಶ್ನೆ. ನಗದೆ ಏನು ಮಾಡುತ್ತಾನೆ? ಅವಳಿಗೆ ಮಾತ್ರ ನಗು ಬರಲಿಲ್ಲ. ಮೈದುನನಿಗೂ ಬರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಯಂತ್ರದ ಕಡೆ ನೋಡುತ್ತ ನಿಂತರು.

ಅಷ್ಟರಲ್ಲಿ ಬೆಳಗಿನ ಪಾಳಿ ಮುಗಿಯಿತು. ಉದ್ದ ಬೂಟು ಹಾಕಿದ್ದ ಹೆಂಗಸೊಬ್ಬಳು ಪೈಪು ಎಳೆದುಕೊಂಡು ಬಂದು, "ಸ್ವಲ್ಪ ಸರೀರಿ, ತೊಳೀಬೇಕು" ಎಂದಳು. ಜಿಡ್ಡು ಬಿಡಿಸುವ ಸೋಡಾ ಬೆರೆಸಿದ ಬಿಸಿ ನೀರು ಬುಸ್ಸೆಂದು ನುಗ್ಗಿತು. ಅವಳು ಪಾತ್ರೆ ತೊಳೆದಳು, ಕಲಸುವ ತೋಳು ತೊಳೆದಳು, ಕೊನೆಗೆ ಪೈಪಿನ ಬಾಯಿಯನ್ನು ಶಾಫ್ಟಿನ ಬುಡಕ್ಕೆ ಹಿಡಿದು ಸಂದುಗೊಂದಿನಲ್ಲಿದ್ದ ಹಿಟ್ಟನ್ನೆಲ್ಲ ಚಿಮ್ಮಿಸಿದಳು. ಬುಷ್ ಕೂತ ಜಾಗದಿಂದ ಗ್ರೀಸು ಕಪ್ಪು ಕಣ್ಣೀರಿನ ಹಾಗೆ ಇಳಿದು ಚರಂಡಿ ಸೇರಿತು.

"ದಿನಾ ಹೀಗೇ ತೊಳೀತೀಯೇನಮ್ಮ?" ಎಂದು ಅಕ್ಕ ಕೇಳಿದಳು.

"ಪ್ರತಿ ಪಾಳಿಗೂ. ಹೊಸ ಪೈಪು ಬಂದ ಮೇಲೆ ಸಲೀಸು. ಮೊದಲು ಬಟ್ಟೇಲಿ ಒರೆಸ್ತಿದ್ವಿ."

ಮೈದುನ ತಟ್ಟನೆ ಮಂಡಿಯೂರಿ ಶಾಫ್ಟಿನ ಸಂದಿಗೆ ಬೆರಳು ಹಾಕಿದ. ಬೆರಳಿಗೆ ಬಂದದ್ದು ಗ್ರೀಸಲ್ಲ, ಹಿಟ್ಟು ನೀರು ಸೇರಿದ ಒರಟು ಅಂಟು. ಅದನ್ನು ಹೆಬ್ಬೆರಳಿನಿಂದ ಉಜ್ಜುತ್ತ, "ನಾನು ಬಂದಾಗಲೆಲ್ಲ ಯಂತ್ರ ಓಡೋದನ್ನ ನೋಡಿ ಎದ್ದು ಹೋಗ್ತಿದ್ದೆ. ತೊಳೆಯೋದನ್ನ ನೋಡೇ ಇರಲಿಲ್ಲ" ಎಂದ.

"ನಾನು ಯಂತ್ರವನ್ನೇ ನೋಡದೆ ಗನ್‌ಮೆಟಲ್ ಅಂದುಬಿಟ್ಟೆ," ಎಂದಳು ಅಕ್ಕ.

ಗನ್‌ಮೆಟಲ್ಲಿಗೆ ಎಣ್ಣೆಯೋ ಗ್ರೀಸೋ ಇದ್ದರೇ ಬದುಕು. ಇಲ್ಲಿ ಅದನ್ನು ಪ್ರತಿ ಪಾಳಿಗೂ ತೊಳೆದು, ಬದಲಿಗೆ ಹಿಟ್ಟು ತುಂಬುತ್ತಿದ್ದರು. ಗ್ರೀಸಿಲ್ಲದೆ ಓಡುವ ಬುಷ್ ಬೇಕಿತ್ತು. ನೈಲಾನ್ ಬುಷ್ ಕಡಿದು ಹಾಕುವುದೆಂದು ಇಬ್ಬರೂ ಒಪ್ಪಿದರು. ಒಪ್ಪಿದರೂ ವಾಪಸು ಬರುವಾಗ ಅವನು ಮುಂದೆ, ಅವಳು ಹಿಂದೆ.

ನೈಲಾನ್ ಬುಷ್ ಹಾಕಿದ ಕೆಲವೇ ದಿನಕ್ಕೆ ಸೀದ ಬ್ರೆಡ್ಡು ಕೂಗಾಡಿಕೊಂಡು ಬಂದ. ಶಾಫ್ಟು ಕಚ್ಚಿಕೊಂಡು ಯಂತ್ರವೇ ನಿಂತಿತ್ತು. "ಮೊದಲು ಸವೀತಿತ್ತು, ಈಗ ಅಲ್ಲಾಡೋದೇ ಇಲ್ಲ. ನಿಮ್ಮನೇಲಿ ಯಾರಿಗೋ ನಮ್ಮ ಮೇಲೆ ಹಗೆ ಇದೆ!"

ಹಳೆಯ ಹುಳ ಮತ್ತೆ ತಲೆಯೆತ್ತಿತು. ಮೈದುನ ಬೇಕಂತಲೇ ಬಿಗಿ ಕಡಿದನೇ? ತಾನು ಬೆನ್ನು ಹತ್ತಿ ಹೋದ ಸೇಡೇ? ಅಕ್ಕ ಹಿಂದಿನ ಕೋಣೆಯ ಬಾಗಿಲಿಗೆ ಹೋಗಿ ನಿಂತಳು. ಅವನ ಬೆನ್ನು ಕಾಣುತ್ತಿತ್ತು. ಈ ಸಲ ಮನಸ್ಸಿನಲ್ಲೇ ಇಟ್ಟುಕೊಳ್ಳಲಿಲ್ಲ. ಒಳಗೆ ಹೋಗಿ ಲೇತಿನ ಸ್ವಿಚ್ಚು ಆರಿಸಿದಳು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಬೇಕಂತ ಬಿಗಿ ಮಾಡಿದ್ಯಾ?"

ಅವನು ತುಂಬ ಹೊತ್ತು ಸುಮ್ಮನಿದ್ದ. "ಇಲ್ಲ ಅತ್ತಿಗೆ."

"ಸರಿ. ಹಾಗಾದ್ರೆ ಬಾ, ಏನಾಗಿದೆ ನೋಡೋಣ."

ಅಷ್ಟೇ. ಅವಳು ಮತ್ತೆ ಕೇಳಲಿಲ್ಲ, ಅವನೂ ಸಮಜಾಯಿಷಿ ಕೊಡಲಿಲ್ಲ. ತಕ್ಷಣ ಹೇಳಿದ್ದರೆ ಬಹುಶಃ ನಂಬುತ್ತಿರಲಿಲ್ಲ, ಅವನು ನುಂಗಿಕೊಂಡ ಆ ಮೌನವನ್ನು ನಂಬಿದಳು.

ತೆಗೆದ ನೈಲಾನ್ ಬುಷ್ಷನ್ನೂ ಅದೇ ಅಳತೆಗೆ ಕಡಿದು ಕಪಾಟಿನಲ್ಲಿಟ್ಟಿದ್ದ ನೈಲಾನ್ ತುಂಡನ್ನೂ ಪಕ್ಕಪಕ್ಕ ಇಟ್ಟು ಅಳೆದರು. ಯಂತ್ರದಿಂದ ಬಂದದ್ದು ಉಬ್ಬಿತ್ತು. ಅನುಮಾನ ಪರಿಹಾರಕ್ಕೆ ಮೈದುನ ಒಣ ತುಂಡೊಂದನ್ನು ಪಾತ್ರೆಯ ನೀರಲ್ಲಿ ಮುಳುಗಿಸಿ, ಮುಚ್ಚಿ ಒಲೆಯ ಪಕ್ಕ ಇಟ್ಟ. ಅತ್ತೆ ಬಂದು ಮುಚ್ಚಳ ತೆಗೆದು ನೋಡಿ, "ಇದು ಬೇಯೋ ಹೊತ್ತಿಗೆ ನನ್ನ ಹಲ್ಲು ಉದುರಿರುತ್ತೆ" ಎಂದು ಹೋದರು. ಕೆಲವು ದಿನ ಬಿಟ್ಟು ಅಳೆದಾಗ ತುಂಡು ನೀರು ಕುಡಿದು ದಪ್ಪಗಾಗಿತ್ತು. ಶಾಫ್ಟಿನ ಸುತ್ತ ಕಂಚಿಗೆ ಬಿಡುವಷ್ಟೇ ಸಂದು ಬಿಟ್ಟು ಅವನು ಕಡಿದಿದ್ದ. ಕಂಚು ನೀರು ಕುಡಿಯುವುದಿಲ್ಲ, ನೈಲಾನ್ ಕುಡಿಯುತ್ತದೆ. ಅದು ಅವನಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.

ಅಕ್ಕ ಸುತ್ತಲಿನ ವ್ಯಾಪಾರಿಗಳನ್ನೆಲ್ಲ ವಿಚಾರಿಸಿ, ನೀರು ಕುಡಿಯದ ಬೇರೆ ಜಾತಿಯ ಗಟ್ಟಿ ಪ್ಲಾಸ್ಟಿಕ್ ಸರಳು ತರಿಸಿದಳು. ಈ ಸಲ ಬಂದ ಸರಳನ್ನು ಮೊದಲು ಮೈದುನನ ಕೈಗೇ ಕೊಟ್ಟು, ಯಾರಿಂದ ತಂದೆ, ಯಾಕೆ ಅವರಿಂದಲೇ ತಂದೆ ಎಂದು ಹೇಳಿದಳು. ಅವನು ಸಂದು ಸ್ವಲ್ಪ ಹೆಚ್ಚು ಬಿಟ್ಟು ಕಡಿದ. ಹಿಟ್ಟು ಒಳಗೆ ನುಸುಳದಂತೆ ಬಾಯಿಗೆ ರಬ್ಬರಿನ ಉಂಗುರ ಕೂರಿಸಿದ. ಇಬ್ಬರೂ ಹೋಗಿ ತೊಳೆಯುವ ಹೆಂಗಸಿಗೆ, "ಪೈಪನ್ನ ಈ ಬುಡಕ್ಕೆ ಮಾತ್ರ ನೇರ ಹಿಡೀಬೇಡಮ್ಮ" ಎಂದು ಕೇಳಿಕೊಂಡು ಬಂದರು.

ಬುಷ್ ಮತ್ತೆ ವಾಪಸು ಬರಲಿಲ್ಲ. ಸೀದ ಬ್ರೆಡ್ಡು ಮಾತ್ರ ತಿಂಗಳಿಗೊಮ್ಮೆ ಬಂದು, "ಈಗ ಸರಿ ಇದೆ, ಆದ್ರೆ ಮೊದಲು ಏನೋ ಮಾಡಿದ್ರಿ ಬಿಡಿ" ಎಂದು ಗೊಣಗಿ ಹೋಗುತ್ತಿದ್ದ.

ಗಂಡ ರಜೆಗೆ ಬಂದಾಗ, ಮೈದುನ ಎಲ್ಲಿ ಹೇಳಿಬಿಡುತ್ತಾನೋ ಎಂದು ಅಕ್ಕ ಒಳಗೊಳಗೇ ಹೆದರಿದ್ದಳು. ಮೈದುನನೂ ಹೆದರಿದ್ದ. ಇಬ್ಬರೂ ಬಾಯಿ ಬಿಡಲಿಲ್ಲ. ಊಟಕ್ಕೆ ಕೂತಾಗ ಅತ್ತೆಯೇ ಮಾತು ತೆಗೆದರು. "ನಿನ್ನ ಹೆಂಡತಿ, ನಿನ್ನ ತಮ್ಮ ಇಬ್ಬರೂ ಪತ್ತೇದಾರರಾಗಿದ್ರು ಕಣೋ. ಕಳ್ಳ ಮಾತ್ರ ಇರಲಿಲ್ಲ." ಗಂಡ ಕೆಮ್ಮು ಬರುವಷ್ಟು ನಕ್ಕ. ಅಕ್ಕ ತಟ್ಟೆ ನೋಡುತ್ತ ಕೂತಳು. ಮೈದುನ ನೀರಿನ ಚೊಂಬು ಅವಳ ಕಡೆ ಸರಿಸಿದ. ಬಾಯಾರಿಕೆ ಇಲ್ಲದಿದ್ದರೂ ಅವಳು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದಳು.

ಮರುವಾರ ಮರ ಕೊಯ್ಯುವ ಮಿಲ್ಲಿನವನೊಬ್ಬ ಒಡೆದ ಬುಷ್ ತಂದು, "ಇದೇ ಥರದ್ದು ಇನ್ನೊಂದು ಕೊಡಿ, ಅರ್ಜೆಂಟು" ಎಂದ. ಅಕ್ಕ ಅದನ್ನು ತಿರುಗಿಸಿ ನೋಡಿ ಹಿಂದಿನ ಕೋಣೆಗೆ ಕೂಗಿದಳು.

"ಚಪ್ಪಲಿ ಹಾಕ್ಕೋ. ಮಿಲ್ಲು ನೋಡ್ಕೊಂಡು ಬರೋಣ."

"ನಾನೊಬ್ಬನೇ ಹೋಗಿ ಬರ್ತೀನಿ ಬಿಡಿ ಅತ್ತಿಗೆ."

"ಬೇಡ, ಇಬ್ಬರೂ ಹೋಗೋಣ" ಎಂದು ಅವಳು ಛತ್ರಿ ಎತ್ತಿಕೊಂಡಳು.