ಪ್ರೇಮನಾಥನ ಮೀಸೆ

“ಸ್ವಲ್ಪ ಮೇಲೆ ಕಟ್ಟು ಮಾರಾಯ, ನನ್ನ ಮುಖ ಮಡಚಿ ಹೋಗಿದೆ” ಎಂದು ಪ್ರೇಮನಾಥ ಫ್ಲೆಕ್ಸ್ ಕಟ್ಟುವವನಿಗೆ ಹೇಳುತ್ತಿದ್ದ. ಒಳಗೆ ಚಾಪೆಯ ಮೇಲೆ ಅವನ ಸೋದರತ್ತೆ ನಳಿನಾಕ್ಷಿಯ ಹೆಣ. ಡೊಂಬಿವಲಿಯ ಆ ಸೊಸೈಟಿಯ ಗೇಟಿನಲ್ಲಿ ಅವಳೀಗ ‘ಮಹಿಳಾ ರತ್ನ’. ಫ್ಲೆಕ್ಸಿನಲ್ಲಿ ರತ್ನದ ಚಿತ್ರ ಬಟಾಣಿಯಷ್ಟು. ಜಾತಿ ಸಂಘದ ಅಧ್ಯಕ್ಷ ಪ್ರೇಮನಾಥನದು ಕುಂಬಳಕಾಯಿಯಷ್ಟು, ಹುರಿಮೀಸೆ ಸಮೇತ.

ಆ ಮೀಸೆ ಈಗ ಮುಖದಲ್ಲಿರಲಿಲ್ಲ. ಕೊಳ್ಳಿ ಇಡುವವ ತಾನೇ ಎಂದು ಬೆಳಿಗ್ಗೆಯೇ ಬೋಳಿಸಿಕೊಂಡು ಬಂದಿದ್ದ.

ಹೆಣದ ತಲೆದೆಸೆಯಲ್ಲಿ ಕೂತ ಜಯಲತಾ ಎಲ್ಲ ನೋಡುತ್ತಿದ್ದಳು. ನಳಿನಾಕ್ಷಿಯ ಜೊತೆ ಕಲ್ಯಾಣದಿಂದ ಟಿಟ್ವಾಳಾದವರೆಗೆ ಪೊಲೀಸ್ ಠಾಣೆಗಳ ಬೆಂಚು ಸವೆಸಿದವಳು. ಆಸ್ಪತ್ರೆಯಲ್ಲಿ ಗೆಳತಿ ಕೈಹಿಡಿದು ಕೇಳಿದ್ದು ಒಂದೇ: “ಪ್ರೇಮನ ಕೈಯ ಬೆಂಕಿ ನನಗೆ ಬೇಡ ಜಯಾ. ನಾನು ಸಾಕಿದ ರಮಿತಾ ಇಡಲಿ.”

“ದೇವರಂಥ ಹೆಂಗಸು” ಎಂದು ಸಂಘದ ಕಾರ್ಯದರ್ಶಿ ಮನೀಶ ಕಣ್ಣೊರೆಸಿದ.

“ಹೌದಾ? ಆ ದೇವರಿಗೆ ನಿಮ್ಮ ಸಂಘದಲ್ಲಿ ಒಂದು ಕುರ್ಚಿ ಸಿಗ್ಲಿಲ್ಲವಲ್ಲ” ಎಂದಳು ಜಯಲತಾ. ಮನೀಶ ಕರವಸ್ತ್ರ ಮಡಚಿದ.

*

ಹಾಲುಹಲ್ಲು ಉದುರುವ ಪ್ರಾಯದಲ್ಲಿ ನಳಿನಾಕ್ಷಿಯನ್ನು ಅವಳಣ್ಣ ಉಡುಪಿ ಕಡೆಯಿಂದ ಶಾಲೆಗೆಂದು ಕರೆತಂದ. ತೋರಿಸಿದ್ದು ಥಾಣೆಯ ತನ್ನ ಹೋಟೆಲಿನ ಹಿಂದಿನ ಒರಳುಕಲ್ಲು. ಅವಳು ರುಬ್ಬಿದ ಹಿಟ್ಟು ಇಡ್ಲಿಯಾಯಿತು, ಇಡ್ಲಿ ಅಣ್ಣನ ಮಗ ಪ್ರೇಮನಾಥನ ಇಂಗ್ಲಿಷ್ ಶಾಲೆಯಾಯಿತು. ಅವಳು ಅಕ್ಷರ ಕಲಿತದ್ದು ಪೊಟ್ಟಣ ಕಟ್ಟುವ ಹಳೆ ಪೇಪರಿನಲ್ಲಿ.

ಅದೇ ಪ್ರೇಮನಾಥ ದೊಡ್ಡವನಾಗಿ, ನೆಂಟರಲ್ಲೇ ತಂದೆತಾಯಿ ಇಲ್ಲದ ರಮಿತಾಳನ್ನು, ಇನ್ನೂ ಶಾಲೆಗೆ ಹೋಗುವ ಹುಡುಗಿಯನ್ನು, ತನ್ನ ಪಾಲುದಾರನಿಗೆ ಎರಡನೇ ಸಂಬಂಧಕ್ಕೆ ನಿಶ್ಚಯಿಸಿದ. ಮುಹೂರ್ತಕ್ಕೆ ನಳಿನಾಕ್ಷಿ ಬಂದಳು, ಪೊಲೀಸರನ್ನು ಕರೆದುಕೊಂಡು. ಅಂದಿನಿಂದ ಸಂಘಕ್ಕೆ ಅವಳು ಕುಲಗೇಡಿ. ರಮಿತಾ ಅವಳ ಮನೆಯಲ್ಲಿ ಬೆಳೆದು ನರ್ಸ್ ಆದಳು. ಆಮೇಲೆ ಕಾಮೋಠೆಯಾಗಲಿ, ಸೀವುಡ್ಸ್ ಆಗಲಿ, ಹೆಣ್ಣಿನ ಅಳು ಕೇಳಿದಲ್ಲಿಗೆ ನಳಿನಾಕ್ಷಿಯ ಚಪ್ಪಲಿ ಹೊರಡುತ್ತಿತ್ತು.

*

“ಹೊತ್ತಾಯ್ತು, ಎತ್ತುವ” ಎಂದು ಪ್ರೇಮನಾಥ ಬೆಂಕಿಯ ಮಡಕೆಗೆ ಕೈಯಿಟ್ಟ.

“ನಿಲ್ಲು ಪ್ರೇಮ. ನಿನ್ನ ಬರಿ ಯಾವುದು?” ಎಂದಳು ಜಯಲತಾ.

ಬರಿ ಎಂದರೆ ತಾಯಿಯಿಂದ ಬರುವ ಕುಲ. ಹಿರಿಯರೆಲ್ಲ ತಲೆ ಎತ್ತಿದರು.

“ಈಗ ಅದೆಲ್ಲ ಎಂತಕ್ಕೆ ಜಯಕ್ಕ?”

“ನಮ್ಮದು ಅಳಿಯಕಟ್ಟು, ತಾಯಿಯ ವಂಶ ಅಂತ ವೇದಿಕೆ ಹತ್ತಿ ಎದೆ ತಟ್ಟುವವ ನೀನೇ ಅಲ್ವಾ? ಆ ಕಟ್ಟಿನಲ್ಲಿ ನೀನು ನಿನ್ನ ತಾಯಿಯ ಬರಿಯವ. ಇವಳ ಸೂತಕ ನಿನಗೆ ತಾಗುವುದೇ ಇಲ್ಲ. ರಮಿತಾ ಇವಳ ಅಕ್ಕನ ಮಗಳ ಮಗಳು, ಅದೇ ಬರಿ. ಸೂತಕ ಅವಳಿಗೆ, ಮಡಕೆಯೂ ಅವಳಿಗೆ.”

“ಹೆಣ್ಣು ಕೊಳ್ಳಿ ಇಡುವುದುಂಟಾ?”

“ಹೆಣ್ಣು ರುಬ್ಬಿದ್ದನ್ನು ತಿಂದು ಬೆಳೆಯುವುದುಂಟಲ್ಲ, ಹಾಗೆ ಇದೂ ಉಂಟು.”

ಮನೀಶನಿಗೆ ಅಧ್ಯಕ್ಷರ ಕುರ್ಚಿಯ ಮೇಲೆ ಬಹಳ ದಿನದಿಂದ ಕಣ್ಣು. ಅವ ಕೆಮ್ಮಿದ. “ಕಟ್ಟು ಅಂದ್ರೆ ಕಟ್ಟೇ, ಅಧ್ಯಕ್ಷರೇ. ಸೂತಕ ಇಲ್ಲದವರು ಮಡಕೆ ಹಿಡಿದರೆ ನಾಳೆ ಊರಿನವರು ನಗ್ತಾರೆ.”

ಜಯಲತಾಳಿಗೆ ಅವನ ಮೇಲೂ ಹೇಸಿಗೆಯೇ ಹುಟ್ಟಿತು. ಆದರೆ ಹೊತ್ತಿಗೆ ಒದಗಿದ ಹೇಸಿಗೆ.

“ಮೈ ಕರೂಂಗಿ, ನಾನೇ ಇಡ್ತೇನೆ” ಎಂದು ರಮಿತಾ ಮುಂದೆ ಬಂದು ಪ್ರೇಮನಾಥನ ಬೆರಳುಗಳಿಂದ ಮಡಕೆ ಬಿಡಿಸಿಕೊಂಡಳು.

ಹೆಂಗಸರೇ ಹೆಗಲು ಕೊಟ್ಟರು. ಜಯಲತಾ ಗೇಟು ದಾಟುವಾಗ ತಿರುಗಿ ನೋಡಿದಳು. ಫ್ಲೆಕ್ಸಿನ ಪ್ರೇಮನಾಥ ಮೀಸೆ ಹುರಿಮಾಡಿ ನಗುತ್ತಿದ್ದ. ಅದರ ಕೆಳಗೆ ನಿಂತವನ ಬೆರಳು ಮಾತ್ರ ಬೋಳು ತುಟಿಯ ಮೇಲೆ ಏನನ್ನೋ ಹುಡುಕುತ್ತಿತ್ತು.