ಹಾಲು ನಿಲ್ಲಿಸಿದ ಎರಡು ದಿನ

ಆ ಬೀದಿಗೆಲ್ಲ ಅವಳು ಹಾಲಿನಕ್ಕ. ಆರು ಹಸು, ಒಂದು ಸಣ್ಣ ಕೊಟ್ಟಿಗೆ, ಕೊಟ್ಟಿಗೆಗೆ ಅಂಟಿಕೊಂಡ ಮೂರು ಕೋಣೆಯ ಮನೆ. ಬೀದಿಯ ಮಕ್ಕಳೆಲ್ಲ ಅವಳು ಅಳೆದು ಹಾಕಿದ ಹಾಲು ಕುಡಿದೇ ಮೀಸೆ ಬರಿಸಿಕೊಂಡದ್ದು, ಮದುವೆಯಾಗಿ ಹೋದದ್ದು. ನೀರು ಬೆರೆಸದ ಹಾಲಿನವಳು ಕಣ್ಣಿಗೆ ಬೀಳುವುದೇ ಅಪರೂಪ. ಹಾಗಾಗಿ ಅವಳ ಬಾಯಿ ಸ್ವಲ್ಪ ಜೋರಾದರೂ ಜನ ಸಹಿಸಿಕೊಂಡಿದ್ದರು. ಊರಿನ ಮಕ್ಕಳನ್ನು ಸಾಕಿದ ಈ ಹೆಂಗಸು, ತನ್ನ ಹಾಲೇ ತನ್ನ ಚೊಚ್ಚಲ ಕೂಸನ್ನು ಕೊಂದಿತು ಎಂದು ಮೂವತ್ತು ವರ್ಷದಿಂದ ನಂಬಿದ್ದಳು. ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳುವಂಥ ಮಾತೂ ಅದಲ್ಲ.

ಹೆಣ್ಣು ಮಗು. ಐದು ತಿಂಗಳಾಗಿತ್ತು. ಭೇದಿ ಶುರುವಾದಾಗ ಅತ್ತೆ ನೋಡಿ, "ನಿನ್ನ ಹಾಲು ಇದಕ್ಕೆ ಒಗ್ತಿಲ್ಲ ಕಣೆ. ಹೊಟ್ಟೆ ಖಾಲಿ ಬಿಡು, ತಾನೇ ನಿಲ್ಲತ್ತೆ" ಎಂದಿದ್ದರು. ಆಗ ಅವಳಿಗೆ ಹತ್ತೊಂಬತ್ತು. ಅತ್ತೆ ನಾಲ್ಕು ಮಕ್ಕಳನ್ನು ಹೆತ್ತು ಸಾಕಿದವರು. ಎದುರಾಡುವುದುಂಟೇ? ಎದೆಗೆ ಬಟ್ಟೆ ಬಿಗಿದು ಕಟ್ಟಿಕೊಂಡಳು. ಮಗು ಅತ್ತಿತು, ಬಟ್ಟೆ ಹಿಡಿದು ಜಗ್ಗಿತು. ಮೂರನೆಯ ದಿನ ಭೇದಿ ನಿಂತಿತು ಎಂದು ಮನೆಯವರು ಉಸಿರು ಬಿಟ್ಟರು. ಅಷ್ಟು ಹೊತ್ತಿಗೆ ಮಗುವಿನ ಅಳುವೂ ನಿಂತಿತ್ತು. ಸಂಜೆಗೆ ಮಗುವೇ ಇರಲಿಲ್ಲ.

ಈಗ ಕೆಂದ ಹಸುವಿನ ಕರು ಕಾಯಿಲೆ ಬಿದ್ದಾಗ ಅವಳು ಮಾಡಿದ್ದೂ ಅದನ್ನೇ. ಆ ಹಸುವಿಗೆ ಹಿಂದಿನ ಎರಡು ಕರುಗಳು ಹುಟ್ಟುವಾಗಲೇ ಸತ್ತಿದ್ದವು. ಇದು ಬದುಕಿ ಎದ್ದು ನಿಂತ ಮೊದಲನೆಯದು, ಹಣೆಯ ಮೇಲೆ ಸುಣ್ಣ ಬಳಿದಂಥ ಮಚ್ಚೆ. ಒಂಬತ್ತನೆಯ ದಿನ ಸಗಣಿ ತೆಳ್ಳಗಾಯಿತು, ಮರುದಿನ ಹಳದಿ ನೀರೇ ಹರಿಯಿತು. ಬಾಲ, ತೊಡೆ ಎಲ್ಲ ಮೆತ್ತಿಕೊಂಡು ಕೊಟ್ಟಿಗೆಯೆಲ್ಲ ಕೆಟ್ಟ ನಾತ. ಹಾಲಿನಕ್ಕ ಕರುವನ್ನು ತಾಯಿಯಿಂದ ದೂರ, ಮೂಲೆಯ ಗೂಟಕ್ಕೆ ಕಟ್ಟಿದಳು. ಹಾಲು ಬಂದ್. ಇಷ್ಟು ವರ್ಷ ಎಲ್ಲ ಕರುಗಳಿಗೂ ಹೀಗೇ ಮಾಡಿದ್ದಳು. ಉಳಿದವು ಉಳಿದವು, ಹೋದವುಗಳ ಆಯುಸ್ಸು ಅಷ್ಟೇ ಎಂದು ಕೈ ತೊಳೆದುಕೊಂಡಿದ್ದಳು. ಆದರೆ ಈ ಸಲ ತಾಯಿಹಸು ಹಗ್ಗ ಜಗ್ಗಿ ಕೂಗುವುದನ್ನು ನಿಲ್ಲಿಸಲಿಲ್ಲ.

"ಸುಮ್ನಿರೇ, ನಿನ್ನ ಒಳ್ಳೇದಕ್ಕೇ ಮಾಡ್ತಿರೋದು" ಎಂದು ಅದರ ಮೇಲೆ ರೇಗಿದಳು. ಎರಡನೆಯ ದಿನ ಕರು ತಲೆಯನ್ನೂ ಎತ್ತಲಿಲ್ಲ. ಕಣ್ಣು ಗುಳಿಬಿದ್ದಿದ್ದವು.  ಹಾಲಿನ ಕ್ಯಾನು ಹೊತ್ತು ಹೊರಟಿದ್ದ ಮಗನನ್ನು ನಿಲ್ಲಿಸಿ, "ದನದ ಡಾಕ್ಟ್ರಿಗೆ ಫೋನ್ ಮಾಡೋ, ಈಗ್ಲೇ ಬರ್ಬೇಕು ಅನ್ನು" ಎಂದಳು.

ಬಂದವಳು ಒಬ್ಬ ಚಿಕ್ಕ ಪ್ರಾಯದ ಹುಡುಗಿ. ಮೊಣಕಾಲಿನವರೆಗೆ ರಬ್ಬರ್ ಬೂಟು. ಬೂಟಿನೊಳಗೆ ಹುಡುಗಿ ನಿಂತಿದ್ದಾಳೋ, ಹುಡುಗಿಯನ್ನು ಬೂಟೇ ಹೊತ್ತು ತಂದಿದೆಯೋ ಎನ್ನುವಂತಿದ್ದಳು. ಇವಳೇನು ಮಾಡಿಯಾಳು ಎಂದು ಹಾಲಿನಕ್ಕನ ಮುಖ ಸಣ್ಣದಾಯಿತು. ಡಾಕ್ಟರು ಕರುವಿನ ಕತ್ತಿನ ಚರ್ಮ ಚಿವುಟಿ ಬಿಟ್ಟಳು. ಚರ್ಮ ಎದ್ದು ನಿಂತೇ ಇತ್ತು. ಅದರ ಬಾಯೊಳಗೆ ಬೆರಳಿಟ್ಟಳು.

"ಬಾಯಿ ತಣ್ಣಗಾಗಿದೆ. ಎಷ್ಟು ದಿನದಿಂದ ಹಾಲು ಕುಡಿದಿಲ್ಲ?"

"ಎರಡು ದಿನ. ನಾನೇ ನಿಲ್ಲಿಸಿದೀನಿ ಡಾಕ್ಟ್ರೇ. ಹೊಟ್ಟೆಗೆ ಬಿದ್ರೆ ತಾನೇ ಹೋಗೋದು?"

ಹುಡುಗಿ ತಿರುಗಿ ನೋಡಿದಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಹೊಟ್ಟೆಗೆ ಬೀಳದಿದ್ರೂ ಹೋಗತ್ತಮ್ಮಾ. ಮೈಯಲ್ಲಿರೋ ನೀರೆಲ್ಲ ಹೋಗತ್ತೆ. ಇದು ಭೇದಿಯಿಂದ ಸಾಯ್ತಿರೋದಲ್ಲ. ನೀರಿಲ್ದೆ, ಹೊಟ್ಟೆಗಿಲ್ದೆ ಸಾಯ್ತಿದೆ."

ಕತ್ತಿನ ನರಕ್ಕೆ ಸೂಜಿ ಚುಚ್ಚಿ ಬಾಟಲಿಯನ್ನು ತೊಲೆಗೆ ನೇತುಹಾಕಿದಳು. ಒಣ ಹುಲ್ಲು ಹಾಸಿಸಿದಳು, ಗೋಣಿಚೀಲ ಹೊದಿಸಿದಳು. ಅರ್ಧ ಬಾಟಲಿ ಇಳಿದ ಮೇಲೆ ಕರು ಬೆರಳನ್ನು ಮೆಲ್ಲಗೆ ಚೀಪಿತು. ಡಾಕ್ಟರು ಒಂದು ಪುಡಿಯನ್ನು ಬೆಚ್ಚಗಿನ ನೀರಿಗೆ ಹಾಕಿ ಕಲಸುತ್ತ, ಇದನ್ನು ದಿನಕ್ಕೆ ಇಷ್ಟು ಸಲ ಕುಡಿಸಿ, ನಡುವೆ ಎರಡು ಮೂರು ಗಂಟೆ ಬಿಟ್ಟು ತಾಯಿಹಾಲನ್ನೂ ಸ್ವಲ್ಪ ಸ್ವಲ್ಪವೇ ಕೊಡಿ, ಎರಡನ್ನೂ ಒಟ್ಟಿಗೆ ಬೆರೆಸಬೇಡಿ ಎಂದು ಹೇಳಿದಳು.

"ಈ ಪುಡಿ ಏನು ಡಾಕ್ಟ್ರೇ?"

"ಹೆಚ್ಚಿಗೇನಿಲ್ಲ. ಉಪ್ಪು, ಸಕ್ಕರೆ, ಚೂರು ಸೋಡಾ."

"ಅಷ್ಟೇನಾ?"

"ಅಷ್ಟೇ."

ಹಾಲಿನಕ್ಕ ಬಾಟಲಿಯ ಹನಿಗಳತ್ತ ತಿರುಗಿದಳು. ಆಮೇಲೆ ಬೇರೆ ಯಾರದೋ ವಿಷಯ ಕೇಳುವವಳಂತೆ, "ಮನುಷ್ಯರ ಮಕ್ಕಳಿಗೂ ಹೀಗೇನಾ?" ಎಂದಳು.

"ಹೆಚ್ಚು ಕಮ್ಮಿ ಹೀಗೇ. ಎದೆಹಾಲಂತೂ ನಿಲ್ಲಿಸ್ಲೇಬಾರದು. ಈಗ ಎಲ್ಲಾ ತಾಯಂದ್ರಿಗೂ ಗೊತ್ತಲ್ಲಾ."

"ಹಾಲು ಒಗ್ಗಲ್ಲ ಅಂತ ಏನಾದ್ರೂ…?"

"ಹೆತ್ತತಾಯಿ ಹಾಲು ಭೇದಿಗೆ ಮದ್ದಮ್ಮಾ" ಎಂದು ನಕ್ಕು, ಹುಡುಗಿ ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಳು. ತಾನು ಏನು ಹೇಳಿದೆ ಎಂದು ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾಗುವುದಾದರೂ ಹೇಗೆ?

ಇಡೀ ದಿನ ಹಾಲಿನಕ್ಕ ಗಡಿಯಾರ ನೋಡಿಕೊಂಡು ಕುಡಿಸಿದಳು. ಕರು ಬದುಕಲಿ ಎಂದು ಒಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ಬದುಕಿಬಿಟ್ಟರೆ ಆ ಹುಡುಗಿ ಹೇಳಿದ್ದು ನಿಜವಾಗುತ್ತದಲ್ಲ ಎಂದು ಇನ್ನೊಂದು ಮನಸ್ಸು ನಡುಗುತ್ತಿತ್ತು. ಮರುದಿನ ಬೆಳಿಗ್ಗೆ ಬಾಗಿಲು ತೆಗೆದಾಗ ಕರು ನಾಲ್ಕು ಕಾಲ ಮೇಲೆ ನಿಂತಿತ್ತು. ತೂರಾಡುತ್ತ ತಾಯಿಯ ಕೆಚ್ಚಲಿಗೆ ಮೂತಿ ಗುದ್ದಿತು. ಹಾಲಿನಕ್ಕ ಸಗಣಿಯ ಬುಟ್ಟಿಯನ್ನು ಅಲ್ಲೇ ಕೆಳಗಿಟ್ಟು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಮಗು ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ. ಆಗ ತನ್ನ ಹಾಲಿನ ಮೇಲೆ, ವಿಧಿಯ ಮೇಲೆ ತಪ್ಪು ಹಾಕಲು ಬರುತ್ತಿತ್ತು. ಈಗ ಕೊಡದೆ ಹೋದ ಒಂದು ಹಿಡಿ ಉಪ್ಪು ಸಕ್ಕರೆಯ ಮೇಲೆ ಹಾಕಬೇಕಾಗಿತ್ತು.

ಅತ್ತೆ ಈಗ ಮಂಚ ಬಿಟ್ಟು ಏಳುತ್ತಿರಲಿಲ್ಲ. ಮಂಡಿ ಎರಡೂ ಹೋಗಿದ್ದವು. ಮಗ ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೇ. ಗಂಡ ತೀರಿಕೊಂಡ ಮೇಲೂ ಈ ಆರು ವರ್ಷ ಒಂದೇ ಒಂದು ದಿನ ಬಿಡದೆ ಇಬ್ಬರೂ ಮಂಚದ ಬಳಿ ಕೂತು ಒಟ್ಟಿಗೆ ಉಂಡಿದ್ದರು. ಬೀದಿಯ ಹೆಂಗಸರು ಇವರನ್ನು ತೋರಿಸಿ ತಮ್ಮ ಸೊಸೆಯಂದಿರಿಗೆ ಬುದ್ಧಿ ಹೇಳುತ್ತಿದ್ದರು.

"ಕರು ಎದ್ದಿತಾ?" ಅತ್ತೆ ಕೇಳಿದರು.

"ಎದ್ದಿದೆ. ಹಾಲು ಕುಡೀತಿದೆ." ಹಾಲಿನಕ್ಕ ಬಾಗಿಲಲ್ಲೇ ನಿಂತಳು. "ಡಾಕ್ಟ್ರು ಹೇಳಿದ್ರು ಅತ್ತೆ, ಹಾಲು ನಿಲ್ಲಿಸಬಾರದಂತೆ. ಮಕ್ಕಳಿಗೂ ನಿಲ್ಲಿಸಬಾರದಂತೆ."

ಮುದುಕಿ ಬೆಚ್ಚಿಬೀಳಬಹುದು, ಇಲ್ಲವೇ ಈಗಿನ ಡಾಕ್ಟರುಗಳಿಗೇನು ಗೊತ್ತು ಎಂದು ಹಾರಾಡಬಹುದು ಎಂದುಕೊಂಡಿದ್ದಳು. ಅತ್ತೆ ಎರಡೂ ಮಾಡಲಿಲ್ಲ. ಗೋಡೆಯ ಕಡೆಗೆ ಮುಖ ತಿರುಗಿಸಿದರು.

"ಗೋಡೆ ತೆಳ್ಳಗಿದೆ. ಆ ಹುಡುಗಿ ಹೇಳಿದ್ದು ನಂಗೂ ಕೇಳಿಸ್ತು" ಎಂದರು. ಆಮೇಲೆ, "ಮೊದ್ಲೇ ಗೊತ್ತಿತ್ತು ನಂಗೆ" ಎಂದರು.

"ಏನು ಗೊತ್ತಿತ್ತು?"

"ನಿನ್ನ ಮಗ ಎರಡು ತಿಂಗಳ ಕೂಸು ಆಗಿದ್ದಾಗ ಅವನಿಗೂ ಹೊಟ್ಟೆ ಕೆಟ್ಟಿತ್ತಲ್ಲ. ನೀನು ಜ್ವರ ಬಂದು ಮಲಗಿದ್ದೆ. ನಾನೇ ಎತ್ಕೊಂಡು ಆಸ್ಪತ್ರೆಗೆ ಹೋದೆ. ಅಲ್ಲಿ ನರ್ಸು ಹೇಳಿದ್ಳು, ಹಾಲು ನಿಲ್ಲಿಸಬಾರದು ಅಂತ."

ಹಾಲಿನಕ್ಕನಿಗೆ ಆ ದಿನ ನೆನಪಾಯಿತು. ಆಸ್ಪತ್ರೆಯಿಂದ ಬಂದವರೇ ಕೂಸನ್ನು ಅವಳ ಮಡಿಲಿಗೆ ಹಾಕಿ, ಈ ಸಲ ನಿನ್ನ ಹಾಲು ಒಗ್ಗಿದೆಯಂತೆ, ಧಾರಾಳವಾಗಿ ಕೊಡು ಎಂದಿದ್ದರು. ಈ ಸಲ! ಆ ಎರಡು ಮಾತಿಗೆ ಅವಳು ಅತ್ತೆಯ ಕೈ ಹಿಡಿದು ಕಣ್ಣಿಗೊತ್ತಿಕೊಂಡಿದ್ದಳು.

"ಅದಾಗಿ ಇಪ್ಪತ್ತೆಂಟು ವರ್ಷ," ಎಂದಳು. "ನನ್ನ ಹಾಲೇ ವಿಷ ಅಂದ್ಕೊಂಡು ಬದುಕಿದೆನಲ್ಲ ಅತ್ತೆ. ನೀವು ನೋಡ್ಕೊಂಡು ಇದ್ರಲ್ಲ. ಕರುಗಳಿಗೆ ನಿಲ್ಲಿಸ್ತಿದ್ದಾಗ್ಲಾದ್ರೂ ಬೇಡ ಅನ್ನಬಹುದಿತ್ತು."

"ಕರುವಿಗೆ ನಿಲ್ಲಿಸಬೇಡ ಅಂದಿದ್ರೆ, ಮಗುವಿಗೆ ಯಾಕೆ ನಿಲ್ಲಿಸು ಅಂದ್ರಿ ಅಂತ ನೀನು ಕೇಳ್ತಿದ್ದೆ." ಅತ್ತೆ ಈಗಲೂ ಗೋಡೆಯ ಕಡೆಗೇ ನೋಡುತ್ತಿದ್ದರು. "ಹೇಳಿದ್ದಿದ್ರೆ ನನ್ನ ಪಕ್ಕ ಕೂತು ಒಂದು ತುತ್ತು ಉಣ್ತಿದ್ಯೇನೇ ನೀನು?"

ಹಾಲಿನಕ್ಕ ಅಡುಗೆಮನೆಗೆ ಹೋಗಿ ಎರಡು ತಟ್ಟೆಗೆ ಬಡಿಸಿದಳು. ಒಂದನ್ನು ಮಂಚದ ಪಕ್ಕ ಇಟ್ಟಳು. ಇನ್ನೊಂದನ್ನು ಹಿಡಿದುಕೊಂಡು ಕೊಟ್ಟಿಗೆಗೆ ಹೋಗಿ ಹುಲ್ಲಿನ ರಾಶಿಯ ಮೇಲೆ ಕೂತಳು. ಉಣ್ಣಲು ಕೈ ಬರಲಿಲ್ಲ. ಗೋಡೆಯ ಆಚೆಯಿಂದಲೂ ತಟ್ಟೆಯ ಸದ್ದು ಕೇಳಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಒಳಗೆ ಬಂದಳು. ಅತ್ತೆಯ ತಟ್ಟೆ ಇಟ್ಟಲ್ಲೇ ಇತ್ತು, ಊಟ ಆರಿ ಗಟ್ಟಿಯಾಗಿತ್ತು. ಮುದುಕಿ ಕಣ್ಣು ಮುಚ್ಚಿಕೊಂಡಿದ್ದರು, ನಿದ್ದೆ ಮಾಡಿರಲಿಲ್ಲ. ಹಾಲಿನಕ್ಕ ಅದನ್ನು ತೆಗೆದುಕೊಂಡು ಹೋಗಿ ಬಿಸಿ ಮಾಡಿ ತಂದಳು.

"ಏಳಿ ಅತ್ತೆ, ಉಣ್ಣಿ," ಎಂದಳು. "ಹೊಟ್ಟೆ ಖಾಲಿ ಬಿಟ್ರೆ ಏನಾಗತ್ತೆ ಅಂತ ಇಬ್ರಿಗೂ ಗೊತ್ತಲ್ಲ."

ಅತ್ತೆ ಉಂಡು ಮುಗಿಸುವವರೆಗೂ ಎದುರಿಗೇ ನಿಂತಿದ್ದಳು. ಕೂರಲಿಲ್ಲ.