ತೆರೆದಿಟ್ಟ ಪೋರ್ಟ್

"ಮುಚ್ಚಿ ಅಂದ್ಮೇಲೆ ಮುಚ್ಚಿರಬೇಕು, ಅಷ್ಟೇ," ಎಂದ ಮೇಲಧಿಕಾರಿ, ಅವಳ ಮುಖ ನೋಡದೆ.

"ಮುಚ್ಚಿದಾಗಿಂದ ನಮ್ಮ ಸರ್ವರ್ ಜೊತೆ ಯಾರೂ ಇಲ್ಲ ಸಾರ್."

"ಅದಕ್ಕೇನೀಗ?"

ಭೂಕಂಪ ಅಳೆಯುವ ಕಚೇರಿ ಅದು. ಹಲವು ಊರುಗಳ ಸರ್ವರ್‌ಗಳು ನೇರವಾಗಿ ಒಂದಕ್ಕೊಂದು ಕೂಡಿಕೊಂಡು ನೆಲದ ಅದುರಾಟದ ಲೆಕ್ಕವನ್ನು ಹಂಚಿಕೊಳ್ಳಬೇಕು. ಎಲ್ಲೋ ಯಾರದೋ ಕಂಪ್ಯೂಟರಿಗೆ ಕಳ್ಳರು ನುಗ್ಗಿದರೆಂದು ಕೇಳಿದ್ದೇ ತಡ, ಮೇಲಧಿಕಾರಿ ಸರ್ವರ್ ಕಾಯುವ ಫೈರ್‌ವಾಲ್‌ನ ಪೋರ್ಟುಗಳನ್ನೆಲ್ಲ, ಹೊರಗಿನ ಸಂಪರ್ಕ ಬರುವ ಬಾಗಿಲುಗಳನ್ನೆಲ್ಲ, ಮುಚ್ಚಿಸಿದ್ದ. ಮುಚ್ಚಿದವಳು ಅವಳೇ. ಅಷ್ಟೆಲ್ಲ ಓದಿದ್ದು ಬಾಗಿಲು ಹಾಕುವುದಕ್ಕೆ. ಅಂದಿನಿಂದ ಕಂಪ್ಯೂಟರ್ ತೆರೆಯ ಮೇಲೆ 'ಜೊತೆಗಾರರು: ಸೊನ್ನೆ'. ಯಾರೋ ತನ್ನ ಬಗ್ಗೆಯೇ ಬರೆದಿಟ್ಟಂತೆ ಅವಳಿಗೆ ಮೈ ಉರಿಯುತ್ತಿತ್ತು.

ಮಧ್ಯಾಹ್ನ ಅಕ್ಕನ ಫೋನು.

"ಹೇಗಿದೀಯೇ?"

"ಚೆನ್ನಾಗಿದೀನಿ."

"ಆಫೀಸು?"

"ಇದೆ."

"ಸರಿ, ಇಡ್ಲಾ?"

ದಿನವೂ ಇಷ್ಟೇ. ಇವತ್ತು ಅವಳು ಬಿಡಲಿಲ್ಲ. "ಅಕ್ಕಾ, ನಿಜವಾಗ್ಲೂ ನಂಗೇನಾದ್ರೂ ಹೇಳೋದಿದೆಯಾ?"

"ಒಲೆ ಮೇಲೆ ಹಾಲಿದೆ ಕಣೇ," ಎಂದು ಅಕ್ಕ ಫೋನಿಟ್ಟಳು.

ಅವಳು ಕುರ್ಚಿ ಎಳೆದುಕೊಂಡು, ಸರ್ವರ್‌ಗೆ ಬೇಕಾದ ಆ ಒಂದು ಪೋರ್ಟನ್ನು ತೆರೆದಳು. ಎದ್ದುಹೋಗಿ ಮೇಲಧಿಕಾರಿಯ ಎದುರು ನಿಂತಳು.

"ತೆಗೆದೆ ಸಾರ್."

"ಯಾರನ್ನ ಕೇಳಿ?"

"ಯಾರನ್ನೂ ಕೇಳಿಲ್ಲ."

"ಹೋಗಿ ಮುಚ್ಚಿ."

"ನಾನು ಮುಚ್ಚಲ್ಲ. ಬೇಕಿದ್ರೆ ನೀವೇ ಮುಚ್ಕೊಳ್ಳಿ."

ಅವನಿಗೆ ಮುಚ್ಚಲು ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವನು ಕನ್ನಡಕ ತೆಗೆದು ಒರೆಸಿದ, ಮತ್ತೆ ಒರೆಸಿದ. "ನಾಳೆ ಬನ್ನಿ, ಮಾತಾಡೋಣ," ಎಂದ. ನಾಳೆ ಈ ಕೆಲಸ ತನ್ನದಲ್ಲವೆಂದು ಅವಳಿಗೆ ತಿಳಿಯಿತು. ಒಳಗೊಳಗೇ ನಗು ಬಂತು.

ಸಂಜೆಯಾದರೂ ಸೊನ್ನೆ ಸೊನ್ನೆಯಾಗಿಯೇ ಇತ್ತು. ಕಳ್ಳರ ಸುದ್ದಿ ಕೇಳಿ ಬೇರೆ ಊರಿನವರೂ ತಮ್ಮ ಪೋರ್ಟು ಮುಚ್ಚಿಕೊಂಡಿರಬಹುದೆಂದು ಹೊಳೆದದ್ದೇ ಆಗ. ಸಹೋದ್ಯೋಗಿಗಳು ಅವಳ ಕಡೆ ನೋಡದೆ ಚೀಲ ಹೆಗಲಿಗೇರಿಸಿ ಹೊರಟರು.

ತೆರೆಯ ಮೇಲೆ ಒಂದು ಸಾಲು ಮೂಡಿತು. ಯಾರೋ ಹೊರಗಿನಿಂದ ತಟ್ಟುತ್ತಿದ್ದರು. ಬಗ್ಗಿ ಓದಿದಳು. ಯಾವ ಊರಿನ ಸರ್ವರೂ ಅಲ್ಲ. ತೆರೆದ ಪೋರ್ಟು ಕಂಡಲ್ಲೆಲ್ಲ ತಟ್ಟುತ್ತ, ಬಾಯಿಗೆ ಬಂದ ಹೆಸರು ಹೇಳಿ ಒಳನುಗ್ಗಲು ನೋಡುವ ಯಾವುದೋ ಬೇವಾರಸಿ ಯಂತ್ರ. ಒಂದು ಹೆಸರು ಹೇಳಿತು, ಸರ್ವರ್ ಒಳಬಿಡಲಿಲ್ಲ. ಇನ್ನೊಂದು ಹೇಳಿತು.

ಒಂದು ಗುಂಡಿ ಒತ್ತಿ ಪೋರ್ಟು ಮುಚ್ಚಿದರೆ ಅದು ನಿಲ್ಲುತ್ತಿತ್ತು.

ಇಷ್ಟು ದಿನದಲ್ಲಿ ಬಾಗಿಲು ತಟ್ಟಿದ್ದು ಇದೊಂದೇ. ಅವಳು ಕೈಕಟ್ಟಿ ಕೂತಳು. ಹೆಸರುಗಳು ಒಂದರ ಹಿಂದೊಂದು ತೆರೆಯನ್ನು ಹತ್ತಿ ಮರೆಯಾಗುತ್ತಿದ್ದವು, ಆ ಕಚೇರಿಯಲ್ಲಿ ಎಂದೂ ಇಲ್ಲದವರ ಹೆಸರುಗಳು.